ಕೈ ಬಿಟ್ಟು ಓಡಿಸೋ ಕಾರು ನಾವು ಹತ್ತಾಕಿಲ್ಲ

ಬಿಳಿಕೆರೆ ಹತ್ತಿರ ಹೆದ್ದಾರಿಯ ಅಂಚಿನಲ್ಲಿ ಕುರಿಮಂದೆ ಹೋಗುವುದು ಹೊಸದೇನಲ್ಲ. ಅವತ್ತೂ ಮರಿಯಯ್ಯ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಹಿಂದಿನಿಂದ ಸುಕನ್ಯ ತಮ್ಮ ಹೊಸ ಎಲೆಕ್ಟ್ರಿಕ್ ಕಾರು ಓಡಿಸಿಕೊಂಡು ಬಂದಳು. ಪಕ್ಕದಲ್ಲಿ ಗಂಡ ಮಹೇಶ್‌ಕುಮಾರ್, ಹಿಂದಿನ ಸೀಟಿನಲ್ಲಿ ಅತ್ತೆ ಕುಳ್ಳಮ್ಮ. ಮೈಸೂರಿಗೆ ಮದುವೆಗೆ ಹೊರಟಿದ್ದರು.

ಕುರಿಗಳಿಗೆ ಜಾಗ ಬಿಡಲು ಸುಕನ್ಯ ಬಲಕ್ಕೆ ತಿರುಗಿಸಿದಳು. ಸ್ಟೇರಿಂಗ್ ಒಪ್ಪಲಿಲ್ಲ. ಎಡಕ್ಕೆ, ಕುರಿಗಳ ಕಡೆಗೇ ಎಳೆಯಿತು. ಅವಳು ಹಲ್ಲು ಕಚ್ಚಿ ಬಲವಾಗಿ ತಿರುಗಿಸಿ ದಾಟಿಸಿದಳು.

"ಅದ್ರ ಜೊತೆ ಯಾಕೆ ಜಗಳ ಆಡ್ತೀಯ? ಲೇನ್ ಬುಟ್ಟೋಯ್ತೀವಿ ಅಂತ ಅದೇ ಸರಿ ಮಾಡ್ತು. ನಮಗಿಂತ ಬುದ್ಧಿವಂತ ಗಾಡಿ ಕಣೆ," ಎಂದ ಮಹೇಶ.

"ಅದಕ್ಕೆ ಕಂಡಿದ್ದು ಬಿಳಿ ಗೆರೆ. ಮರಿಯಯ್ಯ ಕಾಣ್ನಿಲ್ಲ ಕಣ್ರೀ. ನಾನು ಇಂಡಿಕೇಟರ್ ಹಾಕಿದ್ರೆ ಅದು ಎಳೀತಿರ್ನಿಲ್ಲ. ಅಷ್ಟು ನನ್ನ ತಪ್ಪು."

"ಇಳಿ, ಓಡ್ಸೋದು ಹೆಂಗೆ ಅಂತ ತೋರಿಸ್ತೀನಿ."

ಅವಳು ಕಾರು ನಿಲ್ಲಿಸಿ ಇಳಿದಳು, ಮಹೇಶ ಸ್ಟೇರಿಂಗ್ ಮುಂದೆ ಕುಳಿತ. ವೇಗವನ್ನು ಕಾರೇ ನೋಡಿಕೊಳ್ಳುವ ಕ್ರೂಸ್ ಅನ್ನು ಎಂಬತ್ತಕ್ಕೆ ಇಟ್ಟ. ಕಾಲು ತೆಗೆದ, ಕೈಯನ್ನೂ ಬಿಟ್ಟ. ಮುಂದೆ ಲಾರಿಯೊಂದು ನಿಧಾನವಾಗಿ ಹೋಗುತ್ತಿತ್ತು. ಕಾರೂ ತಾನಾಗಿ ನಿಧಾನವಾಯಿತು.

"ನೋಡ್ದಾ ಅವ್ವ?" ಎಂದು ಹಿಂದಕ್ಕೆ ತಿರುಗಿ ನಕ್ಕ.

ಅಷ್ಟರಲ್ಲಿ ಲಾರಿ ಪಕ್ಕದ ರಸ್ತೆಗೆ ಹೊರಳಿತು. ದಾರಿ ಖಾಲಿಯಾಯಿತೆಂದು ಕಾರು ತಾನೇ ವೇಗ ಹೆಚ್ಚಿಸಿತು. ದಾರಿ ಖಾಲಿ ಇರಲಿಲ್ಲ. ಹುಲ್ಲು ತುಂಬಿದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು.

"ಬ್ರೇಕ್!" ಸುಕನ್ಯ ಕಿರುಚಿದಳು.

ಮಹೇಶ ಬ್ರೇಕ್ ತುಳಿದ, ಹುಲ್ಲು ಗಾಜಿಗೆ ತಾಗುವಷ್ಟರಲ್ಲಿ ಕಾರು ನಿಂತಿತು. ಮಹೇಶ ಬೆವರುತ್ತಾ ಅದನ್ನು ಪಕ್ಕಕ್ಕೆ ಹಾಕಿದ. ಸುಕನ್ಯ ಬಾಗಿಲು ತೆಗೆದು ಇಳಿದಳು.

"ಎಲ್ಲಿಗೆ?"

"ಬಸ್ಸಿಗೆ. ಗಾಡಿಗೆ ಬುದ್ಧಿ ಐತೆ ಅಂತ ನೀವು ನಿಮ್ಮ ಬುದ್ಧಿ ಬುಡೋದಾದ್ರೆ, ನಾನು ಹತ್ತಾಕಿಲ್ಲ."

"ಜನ ನೋಡ್ತಾವ್ರೆ, ಹತ್ತು."

"ನೋಡ್ಲಿ."

ಕುಳ್ಳಮ್ಮನೂ ರೇಷ್ಮೆ ಸೀರೆ ಎತ್ತಿ ಹಿಡಿದು ಇಳಿದರು. "ನಾನೂ ಹತ್ತಾಕಿಲ್ಲ ಕಣ್ಲಾ. ನಿನ್ನ ಗಾಡೀನೇ ಮದುವೆಗೆ ಕಳ್ಸು."

"ತಾನೇ ಓಡ್ತದೆ ಅಂತ ಮಾರೋರೇ ಅಂದ್ರಲ್ಲವ್ವ..."

"ಗುದ್ದಿದ್ರೆ ಅವ್ರು ಬತ್ತಿದ್ರೇನ್ಲಾ?"

ಮಹೇಶ ಇಳಿದು ತನ್ನ ಬಾಗಿಲು ತೆರೆದು ಹಿಡಿದ. "ಸುಕನ್ಯ, ನೀನೇ ಓಡ್ಸು," ಎಂದ.

"ಬ್ಯಾಡ. ನೀವೇ ಓಡ್ಸಿ. ಅದು ನಿಮಗೆ ಸಹಾಯ ಮಾಡ್ಲಿ, ಯಜಮಾನಿಕೆ ಬ್ಯಾಡ."

ಇಬ್ಬರೂ ಮತ್ತೆ ಹತ್ತಿದರು. ಮಹೇಶ ಕ್ರೂಸ್ ಆಫ್ ಮಾಡಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಮೈಸೂರಿನವರೆಗೂ ಓಡಿಸಿದ. ದಾರಿಯುದ್ದಕ್ಕೂ ಕುಳ್ಳಮ್ಮ ಹಿಂದಿನಿಂದ ಅವನ ಕೈಯನ್ನೇ ಕಾಯುತ್ತಾ ಕುಳಿತಿದ್ದರು. ಮದುವೆ ಮನೆಯಲ್ಲಿ ಕಾರಿನ ಬಗ್ಗೆ ಕೇಳಿದವರಿಗೆಲ್ಲ ಮಹೇಶನೇ ಹೇಳಿದ: "ಚೆನ್ನಾಗೈತೆ. ಆದ್ರೆ ಅದನ್ನ ನಂಬ್ಕೊಂಡು ಕೈ ಬುಡಬ್ಯಾಡಿ."

ಅಕ್ಕಂದಿರೇ, ಅಣ್ಣಂದಿರೇ, ಇಂಥ ಕಾರು ನಿಮ್ಮ ಮನೆಗೂ ಬಂದಿರಬಹುದು. ಅದು ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂದು ಕೊಳ್ಳುವಾಗಲೇ ಒತ್ತಾಯಿಸಿ ಕೇಳಿ. ಪಕ್ಕಕ್ಕೆ ಸರಿಯುವ ಮುಂಚೆ ಇಂಡಿಕೇಟರ್ ಹಾಕಿ. ಸ್ಟೇರಿಂಗ್ ಎಳೆದರೆ ಗಟ್ಟಿಯಾಗಿ ಹಿಡಿದು ನಿಮ್ಮ ದಾರಿಗೆ ತನ್ನಿ. ವೇಗ ತಾನಾಗಿ ಏರಬಹುದು, ಕಾಲು ಬ್ರೇಕಿನ ಹತ್ತಿರವೇ ಇರಲಿ. ಯಾರಾದರೂ ಕೈ ಬಿಟ್ಟು ಓಡಿಸಿದರೆ, ಗಂಡನಾಗಲಿ, ಮಗನಾಗಲಿ, ನಾಚಿಕೆ ಪಡಬೇಡಿ. ನಿಲ್ಲಿಸು ಎನ್ನಿ. ಕೇಳದಿದ್ದರೆ ಇನ್ನೂ ಜೋರಾಗಿ ಹೇಳಿ. ಜೀವ ನಿಮ್ಮದು.