ಎರಡು ಬುಟ್ಟಿ, ಒಂದು ಕಲ್ಲು

ಜನವರಿಯ ಚಳಿಯಲ್ಲಿ ನೀರಿಗಿಳಿಯದವನಿಗೆ, ಮಾರ್ಚ್ ರಜೆಗೆ ಯಾವ ಕಡಲಿಗೆ ಹೋಗಬೇಕೆಂದು ಹೇಳುವ ಹಕ್ಕಿಲ್ಲ. ಝೀರಿಕ್‌ಝೇ ಊರಿನ ಮುಳುಗುಗಾರರ ಕ್ಲಬ್ಬಿನಲ್ಲಿ ಇದು ಎಲ್ಲೂ ಬರೆದಿಡದ ಕಾನೂನು. ಬೆಚ್ಚಗಿನ ಕಡಲು ಬೇಕೋ, ಮೊದಲು ಊರ ಮುಂದಿನ ಈ ಕೊರೆಯುವ ನೀರಿಗೆ ಬೀಳು. ಹಳೆಯ ದಕ್ಕೆಯ ಬುಡದಲ್ಲಿ, ಮರಳಿನ ಮೇಲೆ, ಪಚ್ಚಿಲೆ ಚಿಪ್ಪುಮೀನು ತುಂಬುವ ತಂತಿಬುಟ್ಟಿಗಳನ್ನು ಇಟ್ಟಿರುತ್ತಾರೆ. ಒಂದೊಂದು ಬುಟ್ಟಿ ಒಂದೊಂದು ಕಡಲು. ಜೋಡಿಗೊಂದು ಬಿಳಿ ಬಳಿದ ಕಲ್ಲು. ಇಬ್ಬರ ಕೈಯೂ ಮೇಲಿದ್ದು ಬುಟ್ಟಿಗೆ ಬಿದ್ದ ಕಲ್ಲು ಮಾತ್ರ ಲೆಕ್ಕಕ್ಕೆ. ಹೆಚ್ಚು ಕಲ್ಲು ಬಿದ್ದ ಕಡೆಗೆ ಇಡೀ ಕ್ಲಬ್ಬಿನ ಪ್ರಯಾಣ. ಬಾಯಲ್ಲಿ ಉಸಿರುಕೊಳವೆ ಕಚ್ಚಿಕೊಂಡವರು ಜಗಳವಾಡಲಾರರು ಎನ್ನುವುದು ಇದನ್ನು ಶುರು ಮಾಡಿದವರ ಜಾಣತನ. ಶುರು ಮಾಡಿದವರಲ್ಲಿ ಲ್ಯೂನಿಸ್ ಒಬ್ಬ.

ಈ ವರ್ಷ ಆ ಲ್ಯೂನಿಸ್‌ಗೇ ಕಲ್ಲಿಲ್ಲ.

"ಇದೇನು ಕ್ಲಬ್ಬೋ, ಕಸಾಯಿಖಾನೆಯೋ?" ಕ್ರೈನ್ ಮೇಜು ಗುದ್ದಿದ. ಕಾಫಿ ಲೋಟಗಳು ಕುಣಿದವು. "ಕಾನೂನು ಮಾಡಿದ ಮನುಷ್ಯನನ್ನೇ ಹೊರಗೆ ನಿಲ್ಲಿಸ್ತೀರಲ್ಲ!"

ಕ್ರೈನ್ ಪಚ್ಚಿಲೆ ದೋಣಿಯ ಕೂಲಿಯವನು. ಹದಿನಾರಕ್ಕೇ ಶಾಲೆಗೆ ಬೆನ್ನು ಹಾಕಿ ಬಂದವನು. ಮೇಷ್ಟರ ಮೇಲೆ ಹುಟ್ಟಿದ ಸಿಟ್ಟು ದೋಣಿ ಮಾಲೀಕನ ಮೇಲೆ ಹೊರಳಿತ್ತು, ಈಗ ಸಿಕ್ಕಸಿಕ್ಕವರ ಮೇಲೆಲ್ಲ. ಆ ಸಿಟ್ಟು ಇಳಿಯುತ್ತಿದ್ದ ಜಾಗ ಒಂದೇ, ನೀರಿನ ಕೆಳಗೆ, ಲ್ಯೂನಿಸ್‌ನ ಪಕ್ಕದಲ್ಲಿ. ಏಳು ವರ್ಷದಿಂದ ಅವನ ಜೋಡಿ ಆ ಮುದುಕನೇ.

"ಹೃದಯದ ಡಾಕ್ಟರು ಹೇಳಿದ್ದು, ನಾನಲ್ಲ ಕಣೋ," ಎಂದಳು ಕ್ಲಬ್ಬಿನ ಅಧ್ಯಕ್ಷೆ ಪೀಟರ್ನೆಲ್. "ತಣ್ಣೀರು ಕೂಡದು, ಸೆಳೆತ ಕೂಡದು, ದೋಣಿಯಿಂದ ಹಾರೋದು ಕೂಡದು. ಬೆಚ್ಚಗಿನ ನೀರಿಗೆ ದಡದಿಂದ ನಡ್ಕೊಂಡು ಹೋಗಿ ಇಳೀಬಹುದು. ಅದೂ ಈ ವರ್ಷಕ್ಕೆ ಕೊನೆ."

"ಹಂಗಾದ್ರೆ ಬೊನೈರ್ ದ್ವೀಪ! ಅಲ್ಲಿ ದಡದಿಂದಲೇ ಇಳೀಬಹುದಲ್ಲ. ಬೇರೆ ಬುಟ್ಟಿ ಯಾಕೆ ಇಡ್ತೀರಿ?"

"ಎಲ್ಲರೂ ಮುದುಕರಾ ಇಲ್ಲಿ?" ಮೂಲೆಯಿಂದ ಫೆನ್ನಾ ಕೇಳಿದಳು. ಕ್ಲಬ್ಬಿಗೆ ಸೇರಿ ಇನ್ನೂ ಎರಡು ವರ್ಷವಾಗದ ಹುಡುಗಿ, ಊರ ಬೇಕರಿಯಲ್ಲಿ ಬೆಳಗಿನ ಜಾವದ ಕೆಲಸ. "ನಾನು ಹಿಟ್ಟು ನಾದ್ತಾ ನಾದ್ತಾ ಮಾಂಟಾ ಮೀನಿನ ಕನಸು ಕಾಣ್ತೀನಿ. ಅದು ಮಾಲ್ಡೀವ್ಸಲ್ಲಿದೆ, ಸೆಳೆತ ಇರೋ ಕಡೆ. ನನಗೂ ಒಂದು ಬುಟ್ಟಿ ಇರ್ಲಿ."

"ನಿನ್ನ ಮಾಂಟಾಗೆ ಬೆಂಕಿ ಬೀಳ!"

"ನೀರಲ್ಲಿ ಹೆಂಗೆ ಬೀಳುತ್ತೆ, ಹೇಳು ನೋಡೋಣ," ಎಂದು ಕ್ಲಬ್ಬಿನವನೇ ಆದ ರೀನಸ್ ತಮಾಷೆ ಮಾಡಿದ. ಎಲ್ಲರೂ ನಕ್ಕರು, ಲ್ಯೂನಿಸ್ ಕೂಡ. ಅದು ಕ್ರೈನ್‌ನನ್ನು ಇನ್ನಷ್ಟು ಉರಿಸಿತು.

ಇಬ್ಬರೇ ಹೋಗೋಣ ಎಂದರೆ ಲ್ಯೂನಿಸ್ ಒಪ್ಪುವವನಲ್ಲ. ಕ್ಲಬ್ಬು ಬಿಟ್ಟು ರಜೆ ಕಳೆದವನೇ ಅಲ್ಲ ಅವನು. ಜೋಡಿಯಿಲ್ಲದೆ ಕ್ರೈನ್ ನೀರಿಗಿಳಿಯುವಂತೆಯೂ ಇಲ್ಲ. ಒಂಟಿಯಾಗಿ ಉಳಿದಿದ್ದವಳು ಒಬ್ಬಳೇ: ಫೆನ್ನಾ.

"ಸರಿಹೋಯ್ತು," ಎಂದ ಲ್ಯೂನಿಸ್, ಟೋಪಿ ಸರಿಮಾಡಿಕೊಳ್ಳುತ್ತ. "ಬೆಂಕಿಯನ್ನೂ ಮಾಂಟಾವನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ರು."

"ನೀವು ಸುಮ್ನಿರಿ ಓಮೆ," ಎಂದ ಕ್ರೈನ್. ಊರಲ್ಲಿ ಎಲ್ಲ ಕಿರಿಯರೂ ಆ ಮುದುಕನನ್ನು ಹಾಗೆಯೇ ಕರೆಯುವುದು, ಮಾವ ಎಂದಂತೆ. "ಆ ಕಲ್ಲು ಬೊನೈರ್ ಬುಟ್ಟಿಗೆ ಬೀಳುತ್ತೆ. ಅವಳ ಕೈ ಮುರಿದಾದ್ರೂ ಸೈ."

ದಕ್ಕೆಯ ಮೆಟ್ಟಿಲಿಳಿಯುವಾಗಲೂ ಅವನ ತಲೆಯ ತುಂಬ ಬೊನೈರ್. ಲ್ಯೂನಿಸ್ ಜೊತೆ ಅಲ್ಲಿಗೆ ಹೋದಾಗ ಅವನಿಗೆ ಹದಿನೇಳು. ರಸ್ತೆ ಬದಿಯಲ್ಲಿ, ಮುಳುಗುವ ಜಾಗದ ಗುರುತಾಗಿ ಹಳದಿ ಬಳಿದ ಕಲ್ಲು ಕಂಡಲ್ಲಿ ವ್ಯಾನು ನಿಲ್ಲಿಸುವುದು, ಬೆನ್ನಿಗೆ ಸಿಲಿಂಡರ್ ಏರಿಸಿ, ಹವಳದ ಚೂರುಗಳ ಮೇಲೆ ಎಡವುತ್ತ ಎರಡು ಹೆಜ್ಜೆ ನಡೆದರೆ ಸಾಕು, ಕಡಲು. ಗಿಳಿಮೀನುಗಳು ಹವಳ ಕಡಿಯುವ ಕರಕರ ಸದ್ದು, ಯಾರೋ ಪಕ್ಕದಲ್ಲೇ ಹುರಿಗಡಲೆ ಜಗಿದಂತೆ. ಸಂಜೆ ಉಪ್ಪಿನ ಗುಡ್ಡಗಳು ಬಿಸಿಲಿಗೆ ಕೆಂಪಾಗುತ್ತಿದ್ದವು. ಲ್ಯೂನಿಸ್ ವ್ಯಾನಿನ ಹಿಂಬದಿಯಲ್ಲಿ ಕಾಲಾಡಿಸುತ್ತ ಕೂತು ಆಡಿನ ಮಾಂಸದ ಸಾರಿಗೆ ಬ್ರೆಡ್ಡು ಅದ್ದಿ ಅವನಿಗೆ ಕೊಡುತ್ತಿದ್ದ. ಮನೆಯಲ್ಲಿ ಯಾರೂ ಕ್ರೈನ್‌ಗೆ ಹಾಗೆ ಅದ್ದಿ ಕೊಟ್ಟಿರಲಿಲ್ಲ. ಆ ಹದಿನೈದು ದಿನ ಅವನಿಗೆ ಯಾರ ಮೇಲೂ ಸಿಟ್ಟು ಬಂದಿರಲಿಲ್ಲ. ಅದು ಇನ್ನೊಮ್ಮೆ ಬೇಕಿತ್ತು, ಮುದುಕ ನೀರಿನಿಂದ ಪೂರಾ ಹೊರಬೀಳುವ ಮೊದಲು ಒಂದೇ ಒಂದು ಸಲ.

ಕ್ರೈನ್ ನೀರಿಗೆ ಬಿದ್ದ. ಮುಳುಗಲಿಲ್ಲ.

ಸಿಟ್ಟಿನ ಭರದಲ್ಲಿ, ನೀರು ಒಳಹೋಗದ ಡ್ರೈಸೂಟಿನ ಒಳಗೆ ಚಳಿಗಾಲದ ದಪ್ಪ ಉಣ್ಣೆ ತೊಟ್ಟವನು, ಸೊಂಟಕ್ಕೆ ಬೇಸಿಗೆಗೆ ಸಾಕಾಗುವಷ್ಟು ಕಡಿಮೆ ಸೀಸದ ತೂಕವನ್ನೇ ಕಟ್ಟಿಕೊಂಡು ಬಂದಿದ್ದ. ಉಣ್ಣೆಯೊಳಗಿನ ಗಾಳಿ ಅವನನ್ನು ಬೆಂಡಿನಂತೆ ತೇಲಿಸಿತು. ಉಳಿದ ಜೋಡಿಗಳೆಲ್ಲ ಗುಳುಗುಳು ಎಂದು ಇಳಿದುಹೋದವು. ಕ್ರೈನ್ ಕಾಲು ಬಡಿದ, ಉಸಿರು ಬಿಟ್ಟ, ಬೈದ.

"ಬಾತುಕೋಳಿ ಚೆನ್ನಾಗಿದೆ! ಯಾರದಪ್ಪಾ?" ದಕ್ಕೆಯ ಮೇಲಿಂದ ಲ್ಯೂನಿಸ್ ಕೂಗಿದ.

ಇಳಿದಿದ್ದ ಫೆನ್ನಾ ಮೇಲೆ ಬಂದಳು. ನಗಲಿಲ್ಲ. ತನ್ನ ಜೇಬಿನ ಎರಡು ಸೀಸದ ತುಂಡು ತೆಗೆದು ಅವನ ಜೇಬಿಗೆ ತುರುಕಿದಳು. "ಈಗ ನಾನು ಹಗುರ," ಎಂದಳು. "ನನ್ನ ತೋಳು ಹಿಡ್ಕೊ. ಬಿಟ್ರೆ ನಾನು ಬಾಟಲಿ ಬಿರಡೆ ಥರ ಮೇಲಕ್ಕೆ ಹಾರ್ತೀನಿ, ಕಿವಿ ಒಡೆಯುತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು."

ತೋಳಿಗೆ ತೋಳು ಸೇರಿಸಿ ಇಳಿದರು. ನೀರು ಹಳಸಿದ ಚಹಾದ ಬಣ್ಣ. ತುಟಿಯ ಸುತ್ತ ಚಳಿ ಸೂಜಿಯಂತೆ ಚುಚ್ಚಿತು. ಮರಳಿನ ಮೇಲೆ ಪೀಟರ್ನೆಲ್ ದೀಪ ಹಿಡಿದು ಮಂಡಿಯೂರಿದ್ದಳು, ಆಚೆ ಈಚೆ ಎರಡು ಬುಟ್ಟಿ. ಉಳಿದವರು ಆಗಲೇ ಹಾಕಿ ಹೋಗಿದ್ದರು. ಕ್ರೈನ್ ಬಗ್ಗಿ ನೋಡಿದ. ಬೊನೈರಿನಲ್ಲಿ ನಾಲ್ಕು ಕಲ್ಲು. ಮಾಲ್ಡೀವ್ಸಿನಲ್ಲಿ ನಾಲ್ಕು.

ಉಳಿದದ್ದು ತಮ್ಮ ಕಲ್ಲೊಂದೇ. ಒಂದು ಕೈಯಲ್ಲಿ ಫೆನ್ನಾಳ ತೋಳು, ಇನ್ನೊಂದರಲ್ಲಿ ಕಲ್ಲು, ಕಲ್ಲಿನ ಮೇಲೆ ಅವಳ ಕೈ. ಅವಳು ಗದ್ದದಿಂದ ಮಾಲ್ಡೀವ್ಸಿನತ್ತ ತೋರಿಸಿದಳು. ಅವನು ಬೊನೈರಿನ ಕಡೆಗೆ ಜಗ್ಗಿದ. ಅವಳು ತಡೆದಳು. ಅವನು ಮತ್ತೆ ಜಗ್ಗಿದ, ಈ ಸಲ ಪೂರಾ ಬಲ ಹಾಕಿ. ಆ ಜಗ್ಗಾಟದಲ್ಲಿ ತೋಳಿನ ಹಿಡಿತ ಒಂದಿಷ್ಟು ಜಾರಿತು. ಅವಳ ಕಾಲು ಮರಳು ಬಿಟ್ಟು ಮೇಲೆದ್ದಿತು. ಮುಖಗವಸಿನ ಗಾಜಿನ ಹಿಂದೆ ಅವಳ ಕಣ್ಣು ಅಗಲವಾದವು. ಕೂಡಲೇ ಅವಳು ಕಲ್ಲಿನ ಮೇಲಿನ ಬೆರಳು ಸಡಿಲಿಸಿದಳು. ಎಲ್ಲಿ ಬೇಕೋ ಹಾಕಿಕೋ, ನನ್ನನ್ನು ಮಾತ್ರ ಬಿಡಬೇಡ ಎಂಬಂತೆ.

ಗೆದ್ದಾಗಿತ್ತು. ಬುಟ್ಟಿ ಕೈಯಳತೆಯಲ್ಲಿತ್ತು.

ಹೀಗೆ ಸಡಿಲವಾದ ಬೆರಳನ್ನು ಅವನು ಹಿಂದೊಮ್ಮೆ ನೋಡಿದ್ದ. ಇದೇ ಮರಳು, ಇಂಥವೇ ಎರಡು ಬುಟ್ಟಿ. ಒಂದು ಬೊನೈರ್, ಇನ್ನೊಂದು ಕೆಂಪು ಸಮುದ್ರ. ಕೆಂಪು ಸಮುದ್ರದ ಮುಳುಗಿದ ಹಡಗಿನ ಮಾತನ್ನು ಲ್ಯೂನಿಸ್ ಆ ಚಳಿಗಾಲವೆಲ್ಲ ಆಡಿದ್ದ, ಅದರ ಚಿತ್ರ ಗೋಡೆಗೆ ಅಂಟಿಸಿದ್ದ. ಹದಿನೇಳರ ಕ್ರೈನ್ ಬೊನೈರಿನತ್ತ ಕಣ್ಣು ಹಾಯಿಸಿದ್ದಷ್ಟೇ, ಮುದುಕ ಬೆರಳು ಸಡಿಲಿಸಿದ್ದ. ಆಮೇಲೆ ಮುದುಕ ಆ ಹಡಗಿನ ಹೆಸರೆತ್ತಿದ್ದನ್ನು ಯಾರೂ ಕೇಳಲಿಲ್ಲ. ಇಷ್ಟು ವರ್ಷ ಬೊನೈರ್ ಮುದುಕನ ದ್ವೀಪವೆಂದೇ ಕ್ರೈನ್ ನಂಬಿದ್ದ. ಅಲ್ಲ, ಅದು ತನ್ನದೇ. ಮುದುಕ ಕೊಟ್ಟದ್ದು.

ಲ್ಯೂನಿಸ್ ಮನಸಾರೆ ಕೊಟ್ಟಿದ್ದ. ನಾನು ಈ ಹುಡುಗಿಯನ್ನು ಹೆದರಿಸಿ ಕಿತ್ತುಕೊಳ್ಳುತ್ತಿದ್ದೇನೆ. ತನ್ನ ಸೀಸ ನನಗೆ ಕೊಟ್ಟದ್ದಕ್ಕೇ ಅವಳು ಸೋಲಬೇಕೆ?

ಕ್ರೈನ್ ಅವಳ ತೋಳನ್ನು ಎಳೆದು ಬಿಗಿಯಾಗಿ ಕಂಕುಳಲ್ಲಿ ಅವುಚಿಕೊಂಡ. ಅವಳ ಬೆರಳನ್ನು ಕಲ್ಲಿನ ಮೇಲೆ ಮತ್ತೆ ಒತ್ತಿದ. ಮಾಲ್ಡೀವ್ಸಿನ ಬುಟ್ಟಿಯ ಮೇಲೆ ಕೈ ಚಾಚಿ, ಬಿಟ್ಟ. ಕಲ್ಲು ತಂತಿಗೆ ಬಡಿದ ಸದ್ದು ನೀರಿನಲ್ಲಿ ದೊಡ್ಡದಾಗಿ ಕೇಳಿಸಿತು.

ಮೇಲೆ ಬಂದಾಗ ಪೀಟರ್ನೆಲ್ ಫಲಿತಾಂಶ ಕೂಗಿದಳು. ಯಾರೋ ಸಿಳ್ಳೆ ಹಾಕಿದರು. ಫೆನ್ನಾ ಮೆಟ್ಟಿಲ ಮೇಲೆ ಕೂತು ಅವನನ್ನೇ ನೋಡಿದಳು. "ಯಾಕೋ?" ಎಂದಳು. ಅವನು ಜೇಬಿನಿಂದ ಅವಳ ಎರಡು ಸೀಸದ ತುಂಡು ತೆಗೆದು ಮೆಟ್ಟಿಲ ಮೇಲಿಟ್ಟ.

ಲ್ಯೂನಿಸ್ ಕೈಯಲ್ಲಿ ಬಟಾಣಿ ಸೂಪಿನ ಲೋಟ ಹಿಡಿದು ನಿಂತಿದ್ದ.

"ಕೊನೇ ಕಲ್ಲು ನಿಮ್ಮದೇನೋ?"

"ಹೂಂ ಓಮೆ. ನಾನೇ ಹಾಕಿದ್ದು."

ಮುದುಕನ ಮುಖ ಇಳಿಯಿತು. ಅಡಗಿಸಲೂ ಹೋಗಲಿಲ್ಲ. ಸೂಪಿನ ಲೋಟ ಕಂಬದ ಮೇಲಿಟ್ಟು, ಬೆನ್ನು ತಿರುಗಿಸಿ ಕ್ಲಬ್ಬಿನ ಕಡೆ ನಡೆದುಬಿಟ್ಟ. ಉಳಿದವರೂ ಸೂಪಿನ ವಾಸನೆ ಹಿಡಿದು ಒಳಗೆ ಹೋದರು. ಕ್ರೈನ್ ಒಬ್ಬನೇ ನಿಂತ. ಡ್ರೈಸೂಟಿನ ಜಿಪ್ಪು ಬೆನ್ನಿನ ಮೇಲಿರುತ್ತದೆ, ಹೆಗಲಿಂದ ಹೆಗಲಿಗೆ. ಎಷ್ಟೇ ತಿರುಚಾಡಿದರೂ ತನ್ನದನ್ನು ತಾನೇ ತೆಗೆಯಲಾಗದು. ಯಾರನ್ನೂ ಕರೆಯಲು ಅವನಿಗೆ ಮುಖವಿರಲಿಲ್ಲ. ಹಲ್ಲು ಕಟಕಟಿಸಿದವು.

ಹೆಜ್ಜೆ ಸದ್ದು ವಾಪಸು ಬಂತು.

"ತಿರುಗೋ," ಎಂದ ಲ್ಯೂನಿಸ್.

"ಬೈದುಬಿಡಿ ಓಮೆ."

"ಕೈ ಮುಂದೆ ಚಾಚು." ಮುದುಕನ ಬೆರಳು ಚಳಿಗೆ ಮರಗಟ್ಟಿದ್ದವು, ಜಿಪ್ಪಿನ ತುದಿ ಸಿಗಲಿಲ್ಲ. "ಆ ಹುಡುಗಿ ಬಂದು ಎಲ್ಲ ಹೇಳಿದ್ಲು. ನೀನು ಮಾಡಿದ್ದು ತಪ್ಪು ಅನ್ನಲ್ಲ ನಾನು. ಆದ್ರೆ ಬೊನೈರ್ ಗೆದ್ದಿದ್ರೆ ಕುಣ್ಕೊಂಡು ಬರ್ತಿದ್ದೆ ಕಣೋ. ಅದನ್ನ ಮರೀಬೇಡ."

"ಮರೆಯಲ್ಲ."

"ಅಲ್ಲಾಡ್ಬೇಡ ಮತ್ತೆ," ಎಂದು ಮುದುಕ ಎರಡೂ ಕೈ ಸೇರಿಸಿ ಜಿಪ್ಪನ್ನು ಎಳೆದ.