ಮೂರನೆಯ ಕೂಗು

ಕೊಪ್ಪದ ಗುಲಾಮ್ ಹುಸೇನನ ಅಂಬಾಸಿಡರ್ ಕಾರಿಗೆ ಬ್ರೇಕು ಚೆನ್ನಾಗಿತ್ತು. ಬ್ರೇಕಿಲ್ಲದ್ದು ಅವನ ನಾಲಿಗೆಗೆ. ಶೃಂಗೇರಿಗೆ ಬಂದ ಯಾತ್ರಿಕರನ್ನು ಬೆಳಿಗ್ಗೆ ಲಾಡ್ಜಿನಿಂದ ಹತ್ತಿಸಿಕೊಂಡು, ಸುತ್ತಮುತ್ತಲ ಗುಡ್ಡ, ಕಣಿವೆ, ಹಾಳುಕೋಟೆ, ಅರಮನೆಯ ಪಾಯ ಎಲ್ಲ ತೋರಿಸಿ, ಸಂಜೆಗೆ ಮತ್ತೆ ಅಲ್ಲಿಗೇ ತಂದು ಬಿಡುವುದು ಅವನು ತಾನೇ ಕಂಡುಕೊಂಡ ಕಸುಬು. ದಾರಿಯುದ್ದಕ್ಕೂ ಕಥೆ ಪುಕ್ಕಟೆ. ಯಾವ ಪುಸ್ತಕದಲ್ಲೂ ಇಲ್ಲದ ರಾಜರು ಅವನ ಬಾಯಲ್ಲಿ ಕುದುರೆ ಏರುತ್ತಿದ್ದರು, ಯುದ್ಧ ಗೆಲ್ಲುತ್ತಿದ್ದರು, ಅಡ್ಡಗದ್ದೆಯ ತಿರುವು ಬರುವಷ್ಟರಲ್ಲಿ ಸತ್ತೂ ಹೋಗುತ್ತಿದ್ದರು. ಹನ್ನೆರಡು ವರ್ಷದಲ್ಲಿ ಒಬ್ಬನೇ ಒಬ್ಬ ಗಿರಾಕಿ ‘ಇದು ಸುಳ್ಳು’ ಅಂದಿರಲಿಲ್ಲ. ಅನ್ನಬೇಕಾದವರು ಮಣ್ಣಾಗಿ ಮುನ್ನೂರು ವರ್ಷವಾಗಿತ್ತಲ್ಲ!

ಎಂಬತ್ತೊಂದನೇ ಇಸವಿಯ ಡಿಸೆಂಬರಿನ ಆ ದಿನ ಹಿಂದಿನ ಸೀಟಿನಲ್ಲಿ ಕೂತಿದ್ದವಳು ಮಾತ್ರ ಚರಿತ್ರೆಯ ಟೀಚರು. ಹೆಸರು ಕಮಲ, ದಾವಣಗೆರೆಯ ಕಾಲೇಜಿನಲ್ಲಿ ಪಾಠ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಿಲ್ಲದೆ, ಶೃಂಗೇರಿಗೆ ಹರಕೆ ಹೊತ್ತು ಹೆತ್ತ ಒಂದೇ ಮಗಳು ಪಕ್ಕದಲ್ಲಿತ್ತು. ಅದಕ್ಕೇ ಶಾರದೆ ಅಂತ ಹೆಸರು. ಐದು ತುಂಬಿತೆಂದು ಹಿಂದಿನ ದಿನ ದೇವಸ್ಥಾನದಲ್ಲಿ ಅಕ್ಷರಾಭ್ಯಾಸ ಮುಗಿಸಿ, ಮರುದಿನ ಊರಿಗೆ ಹೋಗುವ ಮೊದಲು ಒಂದು ದಿನ ಕೋಟೆ ನೋಡೋಣವೆಂದು ಕಮಲ ಕಾರು ಹಿಡಿದಿದ್ದಳು. ಹುಸೇನನ ರಾಜರ ವಂಶಾವಳಿ ಕೇಳುತ್ತ ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ನಗುತ್ತಿದ್ದಳು. ಹುಸೇನ್ ಕನ್ನಡಿಯಲ್ಲಿ ಅದನ್ನು ನೋಡಿ, ಮೆಚ್ಚಿದ್ದಾಳೆ ಅಂದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಕಮ್ಮರಡಿ ತಲುಪಿದರು. ಅಲ್ಲಿಂದ ಆಚೆ ಕಾನುಗಲ್ಲಿನ ಕೋಟೆ. ಅದಕ್ಕೆ ಗುಡ್ಡ ಹತ್ತಬೇಕು. ಹತ್ತಿಸುವವನು ಕಮ್ಮರಡಿಯ ರೇಣುಕಪ್ಪ; ಆ ಗುಡ್ಡದ ಒಂದೊಂದು ಕಲ್ಲೂ ಅವನಿಗೆ ಗೊತ್ತು. ಹುಸೇನ್ ಸಾಮಾನ್ಯವಾಗಿ ಗಿರಾಕಿಗಳನ್ನು ರೇಣುಕಪ್ಪನ ಕೈಗೊಪ್ಪಿಸಿ ಕಾರಿನಲ್ಲಿ ನಿದ್ದೆ ಹೊಡೆಯುತ್ತಿದ್ದ.

“ಅವ್ರು ಇಲ್ಲಲ್ಲ ಮಾರಾಯ್ರೆ,” ಅಂದಳು ರೇಣುಕಪ್ಪನ ಹೆಂಡತಿ ಗಿರಿಯಮ್ಮ, ಬಾಗಿಲಲ್ಲೇ ನಿಂತು. “ಫಸ್ಟ್ ಬಸ್ಸಿಗೆ ಎನ್.ಆರ್. ಪುರಕ್ಕೆ ಹೋದ್ರು. ಬರೂದು ಸಂಜೆಗೇ.”

“ಇವ್ರು ನಾಳೆ ಊರಿಗೆ ಹೋಗ್ತಾರಲ್ಲ ಮಾರಾಯ್ತಿ.”

“ಹಂಗಾರೆ ಕೆಳಗಿಂದ್ಲೇ ತೋರ್ಸಿ ಕರ್ಕೊಂಡು ಹೋಗಿ. ಮೇಲೆ ಹಾಳುಬಾವಿ ಇದೆ. ಈ ಸಲದ ಮಳೆಗೆ ಬಳ್ಳಿ ಬೆಳ್ದು ಬಾಯಿ ಪೂರಾ ಮುಚ್ಕಂಡಿದೆ. ನಮ್ಮನೆಯವ್ರೇ ಮೊನ್ನೆ ಕಾಲು ಜಾರಿ ಬಚಾವಾದ್ರು.”

“ನಂಗೆ ಗೊತ್ತಿಲ್ವಾ ಆ ಬಾವಿ!” ಅಂದ ಹುಸೇನ್. ಅವನು ಮೇಲೆ ಹೋಗಿದ್ದದ್ದು ಒಟ್ಟು ನಾಲ್ಕು ಸಲ. ನಾಲ್ಕು ಸಲವೂ ರೇಣುಕಪ್ಪನ ಬೆನ್ನ ಹಿಂದೆ. ಆದರೆ ಓದಿದ ಹೆಂಗಸಿನ ಮುಂದೆ ‘ನನಗೆ ದಾರಿ ಸರಿಯಾಗಿ ಗೊತ್ತಿಲ್ಲ’ ಅನ್ನುವುದಕ್ಕೆ ಅವನ ನಾಲಿಗೆ ಒಪ್ಪಲಿಲ್ಲ. ಬೇರೆ ಎಲ್ಲ ಹೇಳುವ ನಾಲಿಗೆಗೆ ಇದೊಂದು ಕಷ್ಟವಾಯಿತು.

ಗುಡ್ಡ ಹತ್ತುವಾಗ ಶಾರದೆ ಕಾಲು ನಿಲ್ಲದೆ ಮುಂದೆ ಮುಂದೆ ಓಡುತ್ತಿತ್ತು. ಕಮಲ ಕೂಗಿ ಕೂಗಿ ಸುಸ್ತಾದಳು. ಮಗುವನ್ನು ಹದಕ್ಕೆ ತರಲು ಹುಸೇನ್ ತನಗೆ ಗೊತ್ತಿದ್ದ ಒಂದೇ ಉಪಾಯ ಹೂಡಿದ.

“ಪುಟ್ಟಿ, ಈ ಕೋಟೇಲಿ ಒಬ್ಳು ರಾಣಿ ಇದಾಳೆ. ಕಣ್ಣಿಗೆ ಕಾಣಲ್ಲ. ಅವ್ಳ ಮಗಳು ಇಲ್ಲೇ ಕಳ್ದು ಹೋಗಿದ್ದು. ಅದಕ್ಕೇ ಬಂದೋರ ಮಕ್ಳನ್ನೆಲ್ಲ ಹೆಸರು ಹಿಡಿದು ಕರೀತಾಳೆ. ಥೇಟ್ ಅಮ್ಮನ ದನಿ. ಒಂದು ಸಲ ಕರೆದ್ರೆ ಓ ಅನ್ಬಾರ್ದು. ಎರಡು ಸಲ ಕರೆದ್ರೂ ಅನ್ಬಾರ್ದು, ಹತ್ರ ಹೋಗ್ಲೂ ಬಾರ್ದು.”

“ಮೂರು ಸಲ ಕರೆದ್ರೆ?”

“ಮೂರನೇದು ಕರಿಯಕ್ಕೆ ಅವ್ಳಿಗೆ ಆಗಲ್ಲ. ಒಂದೇ ಜಾಗದಲ್ಲಿ ನಿಂತು ಮೂರು ಸಲ ಕರೆದ್ರೆ ಅದು ಅಮ್ಮನೇ. ‘ಬಂದೆ’ ಅಂತ ಒಂದೇ ಓಟ!”

ರಾಣಿ ಮಾತ್ರ ಹುಸೇನನ ಸೃಷ್ಟಿ. ಮೂರು ಕೂಗಿನದ್ದು ಆ ಕಡೆಯ ಹಳೆಯ ಪದ್ಧತಿ. ಕಾಡಿನಲ್ಲಿ ಯಾರಾದರೂ ಕರೆದರೆ ಮೂರನೆಯ ಕೂಗಿಗೇ ಓಗೊಡಬೇಕು, ಮನುಷ್ಯರಲ್ಲದ್ದು ಎರಡಕ್ಕೇ ಸೋಲುತ್ತದೆ ಎಂದು ಅವನ ತಾಯಿ ಅಮೀರ್ ಬೀ ಸೌದೆಗೆ ಹೋಗುವಾಗ ಹೇಳಿಕೊಟ್ಟಿದ್ದಳು. ಶಾರದೆ ಕಣ್ಣರಳಿಸಿ ಕೇಳಿ, ಅಮ್ಮನ ಸೆರಗು ಹಿಡಿದುಕೊಂಡಿತು. “ಪರವಾಗಿಲ್ಲ ಹುಸೇನ್, ನಿಮ್ಮ ಕಥೆಯಿಂದ ಒಂದು ಉಪಕಾರ ಆಯ್ತು,” ಅಂದಳು ಕಮಲ.

ಕೋಟೆಯ ಬಾಗಿಲಿಗೆ ಬಂದಾಗ ಎರಡು ಗಂಟೆ. ಬಾಗಿಲ ಪಕ್ಕ ನೆಲದಲ್ಲಿ ಅರ್ಧ ಹೂತ ಶಾಸನದ ಕಲ್ಲು. ಕಮಲ ಮಂಡಿಯೂರಿ, ಪಾಚಿ ಉಜ್ಜಿ, ಅಕ್ಷರ ಕೂಡಿಸತೊಡಗಿದಳು. ಹುಸೇನ್ ಸುಮ್ಮನಿರಬಹುದಿತ್ತು. ಅದು ಏಳುನೂರು ಕುದುರೆಗಳ ಲೆಕ್ಕ ಅಂದ. ಅಲ್ಲ, ಯಾರಿಗೋ ಗದ್ದೆ ಬಿಟ್ಟುಕೊಟ್ಟ ಶಾಸನ ಅಂದಳು ಕಮಲ. ಕುದುರೆ ಮೇಯಲಿಕ್ಕೇ ಗದ್ದೆ ಬಿಟ್ಟಿದ್ದು ಅಂತ ಇವನು ಪಟ್ಟು ಹಿಡಿದ. ಹೀಗೆ ಕುದುರೆ ದೊಡ್ಡದೋ ಗದ್ದೆ ದೊಡ್ಡದೋ ಎಂದು ಇಬ್ಬರೂ ಹಟಕ್ಕೆ ಬಿದ್ದು ಮುಗಿಸಿ ತಿರುಗಿದರೆ ಶಾರದೆ ಇಲ್ಲ.

“ಶಾರದೇ!”

ಸದ್ದಿಲ್ಲ. ಎಲ್ಲೋ ಒಂದು ಹಕ್ಕಿ ಕೂಗಿ ಸುಮ್ಮನಾಯಿತು. ಬಾಗಿಲಿನ ಒಳಗೆ ಆಳೆತ್ತರದ ಹುಲ್ಲು, ಕುಸಿದ ಗೋಡೆಗಳು, ಗೋಡೆಯ ಮೇಲೆ ಬೆಳೆದ ಮರಗಳು. ಕಮಲ ಎಡಕ್ಕೆ ಓಡಿ ಒಮ್ಮೆ ಕೂಗಿದಳು, ಬಲಕ್ಕೆ ಓಡಿ ಒಮ್ಮೆ ಕೂಗಿದಳು. ಹುಸೇನ್ ಬುರುಜು ಹತ್ತಿ ಒಮ್ಮೆ, ಇಳಿದು ಒಮ್ಮೆ, ಕಣಜದ ಗುಂಡಿಗೆ ಬಗ್ಗಿ ಒಮ್ಮೆ ಕೂಗಿದ. ಎಲ್ಲಿಂದಲೂ ಉತ್ತರವಿಲ್ಲ. ಆಮೇಲೆ ಇಬ್ಬರಿಗೂ ಒಂದೇ ಯೋಚನೆ ಬಂತು. ಬಾಯಿ ಬಿಟ್ಟು ಕೇಳಿದವಳು ಕಮಲ.

“ಆ ಬಾವಿ ಎಲ್ಲಿ?”

ಹುಸೇನ್ ಸುತ್ತ ಕಣ್ಣಾಡಿಸಿದ. ದಿಕ್ಕು ಗೊತ್ತಿತ್ತು, ಜಾಗ ಗೊತ್ತಿರಲಿಲ್ಲ. ಒಂದು ಕೋಲು ಮುರಿದುಕೊಂಡು ನೆಲ ಕುಟ್ಟುತ್ತ ಹೋದ. ಕುಸಿದ ಗೋಡೆಯೊಂದರ ಈಚೆ, ಇಪ್ಪತ್ತು ಅಡಿ ದೂರದಲ್ಲಿ ಹಸಿರು ಬಯಲು ಕಂಡಿತು. ಹಾಸಿಗೆ ಹಾಸಿದ ಹಾಗೆ ಸಮನಾದ ಬಳ್ಳಿ. ಅಂಚಿಗೆ ಬಂದು ಕೋಲು ಚುಚ್ಚಿದ. ಮೊಣಕೈವರೆಗೆ ಇಳಿಯಿತು, ತಳ ಸಿಗಲಿಲ್ಲ. ಹೊಟ್ಟೆಯ ಮೇಲೆ ಮಲಗಿ, ಬಳ್ಳಿ ಸರಿಸಿ, ಒಳಗೆ ನೋಡಿದ. ಬಹಳ ಕೆಳಗೆ ನೀರು. ನೀರಿನ ಮೇಲೆ ಪಾಚಿ, ಎಲ್ಲೂ ಒಡೆದಿರಲಿಲ್ಲ.

“ಇಲ್ಲ ಮೇಡಂ, ಇಲ್ಲಿ ಬಿದ್ದಿಲ್ಲ. ಖುದಾ ದೊಡ್ಡೋನು,” ಅಂದ.

“ಮತ್ತೆಲ್ಲಿ? ಎಲ್ಲಿ ನನ್ನ ಮಗು? ದಾರಿ ಗೊತ್ತು ಅಂದ್ರಲ್ಲ ನೀವು!” ಕಮಲ ಅವನ ತೋಳು ಹಿಡಿದು ಅಲ್ಲಾಡಿಸಿದಳು. “ಕೂಗಿದ್ರೆ ಓ ಅನ್ನೋ ಮಗು ಅದು. ಇಷ್ಟು ಕೂಗಿದ್ರೂ ಯಾಕೆ ಮಾತಾಡ್ತಿಲ್ಲ? ಯಾಕೆ?”

ಯಾಕೆ ಎಂಬುದು ಹುಸೇನನಿಗೆ ಆಗ ಹೊಳೆಯಿತು. ಒಂದು ಗಂಟೆಯಿಂದ ಇಬ್ಬರೂ ಒಂದೊಂದು ಕಡೆ ಒಂದೊಂದೇ ಸಲ ಕೂಗಿ ಮುಂದಕ್ಕೆ ಓಡುತ್ತಿದ್ದರು. ಯಾವ ಜಾಗದಲ್ಲೂ ಮೂರು ಸಲ ಕೂಗಿರಲಿಲ್ಲ. ಮಗು ಎಲ್ಲೋ ಹತ್ತಿರದಲ್ಲೇ ಕೂತು, ಹೇಳಿದ ಮಾತು ತಪ್ಪದೆ, ರಾಣಿಗೆ ಹೆದರಿ ಉಸಿರು ಬಿಗಿಹಿಡಿದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದ ಮಾತು ಈಗ ಮಗುವಿನ ಬಾಯಿ ಕಟ್ಟಿ ಕೂರಿಸಿತ್ತು.

ಅದನ್ನು ಕಮಲಳಿಗೆ ಹೇಳಲು ಧೈರ್ಯ ಸಾಲಲಿಲ್ಲ. “ಮೇಡಂ, ಓಡ್ಬೇಡಿ. ಇಲ್ಲೇ ನಿಂತು ಕರೀರಿ, ನಿಧಾನಕ್ಕೆ, ಒಂದೇ ಜಾಗದಿಂದ ಮೂರು ಸಲ,” ಅಂದ ಅಷ್ಟೇ.

ಕಮಲ ಬಾವಿಯಿಂದ ನಾಲ್ಕು ಹೆಜ್ಜೆ ಈಚೆ ನಿಂತು ಕೂಗಿದಳು. “ಶಾರದೇ!”

ಏನಿಲ್ಲ.

“ಶಾರದೇ!”

ಬಾವಿಯ ಆಚೆಯ ದಡದಲ್ಲಿ ಮೋಟುಗೋಡೆಯ ಮೇಲೆ ಒಂದು ಕೆಂಪು ರಿಬ್ಬನ್ನು ಎದ್ದಿತು. ಹಿಂದೆಯೇ ಮುಖ. ಶಾರದೆ ಗೋಡೆ ಬಳಸಿ ಬಾವಿಯ ಆ ಬದಿಯ ಅಂಚಿಗೆ ಬಂದು, ಎರಡು ಬೆರಳು ಮಡಚಿ, ಮೂರನೆಯದನ್ನು ಎತ್ತಿ ಹಿಡಿದು ನಿಂತಿತು. ಒಂದು ಕಾಲು ಮುಂದೆ. ಅದರ ಕಾಲಿಗೂ ಅಮ್ಮನಿಗೂ ನಡುವೆ ಹನ್ನೆರಡು ಅಡಿ ಹಸಿರು ಬಳ್ಳಿ. ಅದರ ಕೆಳಗೆ ಏನಿದೆಯೆಂದು ಮಗುವಿಗೆ ಗೊತ್ತಿಲ್ಲ.

ಕಮಲ ಮಗಳನ್ನು ಕಂಡಳು. ಮೂರನೆಯ ಸಲ ಕರೆಯಲು ಬಾಯಿ ತೆರೆದಳು.

ಹುಸೇನ್ ಹಿಂದಿನಿಂದ ಹಾರಿ ಅವಳ ಬಾಯಿ ಮುಚ್ಚಿದ. ಪರಸ್ತ್ರೀ, ಗಿರಾಕಿ, ಹಿಂದೂ ಹೆಂಗಸು. ಅವಳ ಮುಖದ ಮೇಲೆ ಅವನ ಕೆಸರುಗೈ. ಯಾರಾದರೂ ನೋಡಿದ್ದರೆ ಅಲ್ಲೇ ಕಡಿದು ಹಾಕುತ್ತಿದ್ದರೇನೋ. ಅವಳು ಕೊಸರಿದಳು, ಅವನ ಅಂಗೈ ಕಚ್ಚಿದಳು. ಅವನು ಬಿಡಲಿಲ್ಲ. ಕಿವಿಯಲ್ಲಿ ಉಸಿರಿದ:

“ಕೂಗ್ಬೇಡಿ ತಾಯಿ. ನಡುವೆ ಬಾವಿ. ಮೂರನೇ ಸಲ ಕರೆದ್ರೆ ಓಡಿ ಬಂದ್ಬಿಡ್ತದೆ. ‘ನಿಲ್ಲು’ ಅಂದ್ರೂ ಮೂರನೇದೇ ಆಗ್ತದೆ. ನಾ ಸುತ್ತು ಹಾಕಿ ಹೋಗ್ತೀನಿ. ನೀವು ಉಸಿರು ಎತ್ಬೇಡಿ.”

ಅವಳು ಕೊಸರುವುದನ್ನು ನಿಲ್ಲಿಸಿದಳು. ಅವನು ಕೈ ತೆಗೆದ. ಅವಳು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು.

ಹುಸೇನ್ ಬಗ್ಗಿ, ಹುಲ್ಲಿನ ಮರೆಯಲ್ಲಿ, ಬಾವಿಯ ಎಡಕ್ಕೆ ಸುತ್ತು ಹಾಕಿದ. ಆ ಕಡೆ ಮುಳ್ಳಿನ ಪೊದೆ. ಅಂಗಿ ಹರಿಯಿತು, ಮೊಣಕಾಲು ತರಚಿತು. ಒಣ ಎಲೆ ಸದ್ದು ಮಾಡಿದರೆ ಮಗು ಬೆದರಿ ಅಮ್ಮನ ಕಡೆಗೇ ಓಡುತ್ತದೆ. ಅದಕ್ಕೇ ಒಂದೊಂದು ಹೆಜ್ಜೆಗೂ ಮೊದಲು ಕೈಯಿಂದ ಎಲೆ ಸರಿಸಿ, ಆಮೇಲೆ ಕಾಲಿಟ್ಟ. ಜನ್ಮದಲ್ಲಿ ಅಷ್ಟು ಹೊತ್ತು ಅವನು ಮಾತಿಲ್ಲದೆ ಇದ್ದದ್ದಿಲ್ಲ. ಪೊದೆಯ ಸಂದಿಯಿಂದ ನೋಡಿದ. ಮಗುವಿಗೆ ಬೇಸರ ಬಂದಿತ್ತು. ಬೆರಳು ನೋಡಿಕೊಂಡಿತು, ಅಮ್ಮನನ್ನು ನೋಡಿತು. ಅಮ್ಮ ಯಾಕೆ ಕರೆಯುತ್ತಿಲ್ಲ? ತುಟಿ ಅಳುವಿಗೆ ಸೊಟ್ಟಗಾಯಿತು. ಅರ್ಧ ಹೆಜ್ಜೆ ಮುಂದೆ ಬಂತು.

ಹುಸೇನ್ ಎಲೆ, ಸದ್ದು ಎಲ್ಲ ಬಿಟ್ಟು ನೆಗೆದ. ಮಗುವಿನ ಫ್ರಾಕು ಕೈಗೆ ಸಿಕ್ಕಿತು. ಇಬ್ಬರೂ ಕೂಡಿ ಹಿಂದಕ್ಕೆ ಬಿದ್ದರು. ಶಾರದೆ ಕಿಟಾರನೆ ಕಿರುಚಿತು. ಆ ಕಿರುಚು ಕೇಳಿ ಹುಸೇನನಿಗೆ ಅಳು ಬಂತು. ಮಗುವನ್ನು ಎದೆಗೆ ಅವುಚಿಕೊಂಡು, ಮಣ್ಣಿನಲ್ಲಿ ಬಿದ್ದಲ್ಲೇ ಬಿಕ್ಕಿಬಿಕ್ಕಿ ಅತ್ತ.

ಕಮಲ ಮಗಳನ್ನು ಸೊಂಟದಿಂದ ಕೆಳಗಿಳಿಸದೆ ಗುಡ್ಡ ಇಳಿದಳು. ಕಾರಿನಲ್ಲಿ ಕೂತ ಮೇಲೆ ಕಮಲ ಮುಖದ ಕೆಸರು ಒರೆಸಿಕೊಂಡಳು.

“ನೀವು ಇಲ್ಲದಿದ್ರೆ ನನ್ನ ಮಗು ಉಳೀತಿರಲಿಲ್ಲ,” ಅಂದಳು. “ಕಚ್ಚಿಬಿಟ್ಟೆ. ಕ್ಷಮಿಸಿ. ಆದರೆ ಮೂರನೇ ಸಲ ಕರೆದ್ರೇ ಓಡಿ ಬರ್ತಾಳೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಅವಳು ಗುಡ್ಡ ಹತ್ತುವಾಗಿನ ಕಥೆ ಮರೆತೇಬಿಟ್ಟಿದ್ದಳು. ನಗೆಯ ಮಾತು ಯಾರ ನೆನಪಿನಲ್ಲಿ ಇರುತ್ತದೆ? ಹುಸೇನ್ ಸುಮ್ಮನಿದ್ದಿದ್ದರೆ ಕೊಪ್ಪಕ್ಕೆ ಮಗು ಉಳಿಸಿದ ಪುಣ್ಯಾತ್ಮನಾಗಿ ಹೋಗಬಹುದಿತ್ತು. ಇಂಥ ಕಥೆಯನ್ನು ಅವನು ಹತ್ತು ವರ್ಷ ಹೇಳಿಕೊಂಡು ತಿರುಗುತ್ತಿದ್ದ. ಆದರೆ ಅವನಿಗೆ ತನ್ನ ನಾಲಿಗೆಯ ಮೇಲೇ ಹೇಸಿಗೆ ಹುಟ್ಟಿತ್ತು.

“ಮೂರನೇ ಕೂಗಿಗೇ ಓ ಅನ್ಬೇಕು ಅಂತ ಹೇಳ್ಕೊಟ್ಟಿದ್ದು ನಾನೇ ಮೇಡಂ,” ಅಂದ, ಸ್ಟೇರಿಂಗ್ ನೋಡುತ್ತ. “ನಿಮ್ಮ ಕೂಗಿಗೆ ಅದು ಓ ಅನ್ದೇ ಇದ್ದದ್ದು ನನ್ನಿಂದ. ರಾಣಿ ಗೀಣಿ ಎಲ್ಲ ನಾ ಕಟ್ಟಿದ್ದು. ದಾರಿನೂ ನಂಗೆ ಪೂರ್ತಿ ಗೊತ್ತಿರ್ಲಿಲ್ಲ.”

ಕಮಲ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ತಣ್ಣಗಿನ ದನಿಯಲ್ಲಿ ಹೇಳಿದಳು: “ಅವಳಿಗೆ ಹೇಳಿ. ನನಗಲ್ಲ. ಅದೆಲ್ಲ ಸುಳ್ಳು ಅಂತ ನಿಮ್ಮ ಬಾಯಿಂದ್ಲೇ ಅವಳಿಗೆ ಹೇಳಿ. ಆಮೇಲೆ ಗಾಡಿ ಬಿಡಿ.”

ಹುಸೇನ್ ತಿರುಗಿದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬರಬೇಕಿತ್ತು.

“ಪುಟ್ಟಿ, ಆ ರಾಣಿ ಕಥೆ ಸುಳ್ಳು.”

“ಮೂರು ಸಲ ಕರಿಯೋದು?”

ಅವನಿಗೆ ತನ್ನ ತಾಯಿಯ ಮುಖ ನೆನಪಾಯಿತು. “ಅದೂ ಸುಳ್ಳು. ಅಮ್ಮ ಒಂದು ಸಲ ಕರೆದ್ರೆ ಸಾಕು. ತಕ್ಷಣ ಓ ಅಂತ ಓಡಿ ಬರ್ಬೇಕು.”

ಶಾರದೆ ಒಪ್ಪಲಿಲ್ಲ. “ನಾನು ಬರ್ತಾನೇ ಇದ್ದೆ. ಅಮ್ಮ ಅಲ್ಲಿ ಬಾಗಿಲ ಹತ್ರ ಮೊದಲನೇ ಸಲ ಕರೆದ್ಲಲ್ಲ, ಆಗಲೇ ಓಡಿದೆ. ಆ ಹಸಿರು ಬಳ್ಳಿ ಇತ್ತಲ್ಲ, ಅದರ ಮೇಲೆ ಕಾಲೂ ಇಟ್ಟಿದ್ದೆ. ಆಮೇಲೆ ಒಂದೇ ಸಲ ಕರೆದಿದ್ದು ಅಂತ ನೆನಪಾಯ್ತು. ಕಾಲು ವಾಪಸ್ ತಗೊಂಡು ಅಡಗಿ ಕೂತ್ಕೊಂಡೆ.”

ಹುಸೇನ್ ಕೀಲಿಯತ್ತ ಚಾಚಿದ ಕೈ ಹಿಂದಕ್ಕೆ ತೆಗೆದ.

“ಯಾವ ಕಾಲು?” ಅಂದಳು ಕಮಲ.

ಶಾರದೆ ಬಲಗಾಲನ್ನು ಎತ್ತಿ ಸೀಟಿನ ಮೇಲೆ ಇಟ್ಟಿತು. ಕಮಲ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಶೃಂಗೇರಿಗೆ ಬರುವವರೆಗೂ ಬಿಡಲಿಲ್ಲ.