ಗುಡ್ಡದ ಬುಡದ ಹಸಿರು ಹಂದರ

ಮೋನಮ್ಮನ ಆಡುಗಳ ಪಕ್ಕೆಲುಬು ಎಣಿಸುವಂತಾಗಿತ್ತು. ಆಗದೆ ಏನು? ದೇವಾಪುರದ ಹಿಂದಿನ ಗುಡ್ಡಕ್ಕೆ ತಂತಿಬೇಲಿ ಬಿದ್ದಿತ್ತು. ಕಾಲುವೆ ಬಂದ ಮೇಲೆ ಕೆಳಗಿನ ಹೊಲಗಳೆಲ್ಲ ಭತ್ತದ ಗದ್ದೆಯಾಗಿ, ಆಡು ಕಾಲಿಟ್ಟರೆ ಬಡಿಗೆ ಹಿಡಿದು ಬರುತ್ತಿದ್ದರು. ಮೇಯಲು ಉಳಿದದ್ದು ಗುಡ್ಡವೊಂದೇ. ಈಗ ಅದರ ಗೇಟಿಗೂ ಬೀಗ.

ಬೀಗ ಹಾಕಿದ್ದು ಕಾಡು ಉಳಿಸುವ ಕಂಪನಿ. ಎಲ್ಲೋ ದೂರದ ಕಾರ್ಖಾನೆಗಳು ಹೊಗೆ ಬಿಡುತ್ತವಂತೆ, ಅದಕ್ಕೆ ಬದಲಾಗಿ ಇಲ್ಲಿನ ಗಿಡ ಕಾಯಬೇಕಂತೆ. ಕಾಯಲಿ, ಯಾರು ಬೇಡವೆಂದರು? ಆದರೆ ಇಷ್ಟು ವರ್ಷ ಕಾದವರು ಯಾರು, ಇವರಪ್ಪನೇ? ಗುಡ್ಡದ ಬನ್ನಿ ಮರಗಳು ದೇವರು ಮಲ್ಲಯ್ಯನವು. ಊರಿನವರು ಹಸಿ ಟೊಂಗೆಗೆ ಕೊಡಲಿ ಹಾಕಿದ್ದೇ ಇಲ್ಲ. ಒಲೆಗೆ ಒಣಗಿ ಬಿದ್ದ ಕಟ್ಟಿಗೆ, ಆಡಿಗೆ ಉದುರಿದ ಕಾಯಿ. ಬಾಣಂತಿಗೆ ನೀರು ಕಾಯಿಸಲೂ ಮೋನಮ್ಮನ ಅತ್ತೆ ಹಸಿ ಕಟ್ಟಿಗೆ ಮುಟ್ಟಿದವಳಲ್ಲ.

ಇವತ್ತು ಗುಡ್ಡದ ಬುಡದಲ್ಲಿ ಕಂಪನಿಯ ಸಮಾರಂಭ.

"ಗಿಡಾ ಕಡಿಯಂಗಿಲ್ಲ ಅಂತ ಹೆಂಗಸರು ಆಣಿ ಮಾಡಬೇಕು. ಮೊದಲ ನೀ ಮಾಡು ಯವ್ವಾ, ಗೇಟ್ ತಗ್ಯಾಕ ಸಾಹೇಬ್ರಿಗೆ ನಾ ಹೇಳ್ತೀನಿ" ಎಂದು ಕಂಪನಿಯ ಕಾವಲುಗಾರ ಖಂಡಪ್ಪ ಪುಸಲಾಯಿಸಿದ್ದ. ಆಡುಗಳ ಮುಖ ನೋಡಿ ಅವಳು ಒಪ್ಪಿದ್ದಳು.

ಬಂದು ನೋಡಿದರೆ ಹಂದರದ ತುಂಬ ಹಸಿ ಬನ್ನಿ! ಮೋನಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಖಂಡಪ್ಪಾ, ಇದನ್ನ ಎಲ್ಲಿಂದ ಕಡಕೊಂಡು ಬಂದ್ರಿ?"

"ಗುಡ್ಡದಾಗಿಂದ. ಸಾಹೇಬ್ರಿಗೆ ಬಿಸಲು ಬಡಿಬಾರದಲ್ಲ ಯವ್ವಾ. ನಾಕ ಟೊಂಗಿ ಅಷ್ಟ."

ಅಷ್ಟರಲ್ಲಿ ಸಾಹೇಬ ಮೈಕನ್ನು ಅವಳ ಕೈಗಿತ್ತ. "ಹೇಳಿ ಅಮ್ಮ, ಇನ್ನು ಮುಂದೆ ಮರ ಕಡಿಯುವುದಿಲ್ಲ ಅಂತ."

"ಇನ್ನ ಮುಂದ ಅಂದ್ರ? ಹಿಂದ ಯಾವಾಗ ಕಡದೀನ್ರಿ ನಾ? ಕಡದವರು ನಿಮ್ಮ ತಲಿ ಮ್ಯಾಲ ನೆರಳ ಮಾಡ್ಯಾರ ನೋಡ್ರಿ. ಆಣಿ ಅವರ ಕಡಿಂದ ಮಾಡಸ್ರಿ!"

"ಗೇಟಿನ ಮಾತು ಮುಗೀತು ತಗೋ" ಎಂದು ಖಂಡಪ್ಪ ಹಲ್ಲು ಕಡಿದ.

ಮೋನಮ್ಮ ಮೈಕನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಹೋದಳು. ಬೇಲಿಯ ಪಕ್ಕ ನಿಂತಿದ್ದ ಆಡುಗಳನ್ನು ಕರೆತಂದು ಹಂದರದೊಳಕ್ಕೆ ನುಗ್ಗಿಸಿದಳು.

"ಕಡದದ್ದಂತೂ ಕಡದಾರ. ಒಣಗಿ ಹಾಳಾಗೂಕಿಂತ ನೀವರ ತಿನ್ರಿ, ನನ್ನವ್ವಗಳಿರಾ!"

ಆಡುಗಳು ಕುರ್ಚಿ ಹತ್ತಿದವು, ಕಂಬಕ್ಕೆ ಮುಂಗಾಲು ಕೊಟ್ಟು ನಿಂತು ಸೊಪ್ಪು ಕಿತ್ತವು. "ಓಡಿಸಿ, ಓಡಿಸಿ" ಎಂದು ಸಾಹೇಬ ಅರಚಿದ. ಸಾಲಾಗಿ ಕೂತಿದ್ದ ಹೆಂಗಸರಲ್ಲಿ ಒಬ್ಬಳೂ ಏಳಲಿಲ್ಲ.

ಗೇಟು ಇನ್ನು ತೆರೆಯುವುದಿಲ್ಲವೆಂದು ಮೋನಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಆಡುಗಳ ಹೊಟ್ಟೆ ತುಂಬುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ.